ದೊರೆ ಗಾಡಿಯ ಮಾಳಿಗೆ

೨೯ ಆಗಸ್ಟ್ ೧೯೪೩, ಭಾನುವಾರ

ಮುನಿಶಾಮಮ್ಮನವರಿಗೆ ಹುತ್ತೂರಿನಲ್ಲಿ ಒಂದು ಒಣ ಕೋಣೆ ಕೊಡುವವರಿಲ್ಲ. ಅವರು ಸಾಕಿದ ರೇಷ್ಮೆ ಹುಳು ಊರಿನ ಮನೆಮನೆಯ ನಡುಮನೆಗೂ ಹೋಗುತ್ತದೆ; ಅವರು ಮಾತ್ರ ಹೊಸಿಲು ದಾಟುವಂತಿಲ್ಲ. ಇದು ಅನ್ಯಾಯ. ಇದಕ್ಕೆ ಮೆತ್ತಗಿನ ಇನ್ನೊಂದು ಹೆಸರು ಇಡಲು ನಾನು ಒಪ್ಪುವುದಿಲ್ಲ.

ಇದನ್ನೇ ಇವತ್ತು ಊಟದ ಹೊತ್ತಿನಲ್ಲಿ ಮಾವನಿಗೆ ಹೇಳಿದೆ. ಮಾವ ಚನ್ನರಾಯಪ್ಪ ರೇಷ್ಮೆ ಸಾಕುವವರ ಸಂಘಕ್ಕೆ ಅಧ್ಯಕ್ಷರು. ಅವರ ಹಿತ್ತಲಿನಲ್ಲಿ ಒಂದು ಹೆಂಚಿನ ಕೋಣೆ ಖಾಲಿ ಬಿದ್ದಿದೆ. ಒಳಗೆ ಹಳೆಯ ಗೋಣಿಚೀಲಗಳಿವೆ. ಗೋಣಿಚೀಲಕ್ಕಿರುವ ಯೋಗ್ಯತೆ ಒಬ್ಬ ಹರಿಜನ ಸಹೋದರಿಗೆ ಇಲ್ಲವೇ ಎಂದು ಕೇಳಿದೆ.

ಮಾವ ಮುದ್ದೆ ಮುರಿಯುತ್ತ, "ಆಯಮ್ಮನಿಗೆ ಗಾಡಿ ಕೊಟ್ಟಿದೀವಲ್ಲೋ. ದೊರೆ ಮಲಗ್ತಿದ್ದ ಗಾಡಿ. ನಿನಗೂ ನನಗೂ ಆ ಭಾಗ್ಯ ಐತೇನೋ?" ಎಂದರು.

"ಗಾಡಿ ಸೋರುತ್ತೆ ಮಾವ."

"ನಿನ್ನ ಹತ್ರ ಅಷ್ಟೊಂದು ಕರಪತ್ರ ಅವೆಯಲ್ಲ, ಹೊದ್ದಿಸು."

ಅಜ್ಜಿ ಅಶ್ವತ್ಥಮ್ಮನವರೂ ನಕ್ಕರು. ನಾನು ಮಜ್ಜಿಗೆ ಅನ್ನ ಉಣ್ಣದೆ ಎದ್ದೆ.

ದೊರೆ ಗಾಡಿ ಎನ್ನುವುದು ಯಾವನೋ ಬಿಳಿಯ ಅಧಿಕಾರಿ ಸರ್ಕೀಟು ಹೋದಾಗ ಮಲಗಲೆಂದು ಮಾಡಿಸಿದ ಮರದ ಮನೆ. ಮೋಟಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಕೆಳಗೆ ಚಕ್ರ, ಸುತ್ತ ಜಾಲರಿಯ ಕಿಟಕಿ, ಮೇಲೆ ತಗಡಿನ ಮಾಳಿಗೆ. ಅವನು ತನ್ನ ಸೀಮೆಗೆ ಹೋದ ಮೇಲೆ ಸಂಘದವರು ಹರಾಜಿನಲ್ಲಿ ಹಿಡಿದರು. ಈಗ ಊರಿಗೂ ಕೇರಿಗೂ ನಡುವೆ ಹೊಂಗೆ ಮರದ ಕೆಳಗೆ ನಿಂತಿದೆ. ಹಾಳೆಯ ಮೇಲೆ ಅಂಟಿಕೊಂಡು ಬರುವ ಊರವರ ರೇಷ್ಮೆ ಮೊಟ್ಟೆಗಳೆಲ್ಲ ಅದರೊಳಗೆ ಒಡೆಯುತ್ತವೆ. ಎಳೆಹುಳು ಗಟ್ಟಿಯಾಗುವವರೆಗೆ ಮುನಿಶಾಮಮ್ಮನವರು ಸಾಕಿ ಅವರವರ ಮನೆಗೆ ಕೊಡುತ್ತಾರೆ. ಅವರು ಇರುವುದೂ ಅದರಲ್ಲೇ. ಹೋದ ಬೆಳೆಯಲ್ಲಿ ಮಾಳಿಗೆ ಸೋರಿ, ಥಂಡಿಗೆ ಹುಳುವಿಗೆ ಸುಣ್ಣಕಟ್ಟು ರೋಗ ಬಂದು, ಬಳಪದ ಕಡ್ಡಿಯಂತೆ ಬಿಳಿಚಿ ಸೆಟೆದು ಸತ್ತವು. ಇನ್ನೊಮ್ಮೆ ಹಾಗಾದರೆ ಆಕೆಯನ್ನು ಬಿಡಿಸುವುದೆಂದು ಸಂಘ ತೀರ್ಮಾನಿಸಿದೆ. ಬಿಡಿಸಿದರೆ ಅವರಿಗೆ ಉಳಿಯುವುದು ಮುಳಬಾಗಿಲ ಕಡೆ ಕಲ್ಲು ಒಡೆಯುವ ಕೂಲಿ.

ನನ್ನ ನಿಲುವು ಸ್ಪಷ್ಟವಾಗಿರಲಿ. ರೇಷ್ಮೆ ಹಿಂಸೆ. ಈಗಂತೂ ಆ ನೂಲು ಯುದ್ಧಕ್ಕೆ ಹೋಗುತ್ತದೆ, ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆ. ನಾನು ಹುಳುವಿನ ಪರವಲ್ಲ, ಮನುಷ್ಯಳ ಪರ.

ನಿರ್ಣಯ: ಮಂಗಳವಾರದಿಂದ ಮಾವನ ಜಗಲಿಯ ಮುಂದೆ ಧರಣಿ. ಅನ್ನ ಬಿಡುವುದು. ನೀರು ಕುಡಿಯಬಹುದು.

೩೦ ಆಗಸ್ಟ್, ಸೋಮವಾರ

ಧರಣಿಯ ವಿಷಯ ತಿಳಿಸಲು ಗಾಡಿಯ ಹತ್ತಿರ ಹೋದೆ. "ಮುನಿಶಾಮಮ್ಮನವರೇ" ಎಂದು ಕರೆದೆ. ಹುಳು ಸಾಕುವ ಬಿದಿರ ತಟ್ಟೆ ತೊಳೆಯುತ್ತಿದ್ದವರು ಹಿಂದೆ ತಿರುಗಿ ನೋಡಿದರು.

"ಅದ್ಯಾರು ಸಾಮಿ ಅವರು? ನನ್ ಹಿಂದೆ ಯಾರಾನ ಬಂದವ್ರಾ?"

"ನಿಮ್ಮನ್ನೇ ಕರೆದದ್ದು. ಇನ್ನೊಂದು ವಿಷಯ. ನೀವು ನನ್ನನ್ನು ಸಾಮಿ ಅನ್ನಬಾರದು. ಕದಿರೇಶ ಅಂತ ಹೆಸರು ಹಿಡಿದು ಕರೆಯಬೇಕು."

"ಆಗ್ಲಿ ಸಾಮಿ."

ಧರಣಿಯ ಉದ್ದೇಶವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ನೀವು ಉಣ್ಣದೆ ಕೂತ್ರೆ ಏನಾಗ್ತದೆ?" ಎಂದರು.

"ಅಧ್ಯಕ್ಷರ ಮನಸ್ಸು ಕರಗುತ್ತದೆ."

"ಅದು ಕರಗೋ ಹೊತ್ಗೆ ನನ್ ಮೊಟ್ಟೆ ಒಡೆದು, ಹುಳ ಸತ್ತು, ನಾನು ಕಲ್ಲು ಒಡೀತಾ ಕೂತಿರ್ತೀನಿ. ಧರಣಿ ಬ್ಯಾಡ ಸಾಮಿ. ಮಾಳಿಗೆ ಸೋರದಂಗೆ ಮಾಡ್ಕೊಡಿ. ಮೇಲೆ ಹತ್ತೋಕೆ ನನ್ ಮಂಡಿ ಬಗ್ಗಲ್ಲ, ಇಲ್ಲಾಂದ್ರೆ ನಿಮ್ಮನ್ನ ಕೇಳ್ತಿರಲಿಲ್ಲ."

ಬರೀ ಮಾಳಿಗೆ ಸರಿ ಮಾಡುವುದು ಅನ್ಯಾಯದ ಜೊತೆ ರಾಜಿ ಮಾಡಿಕೊಂಡಂತೆ ಎಂದೆ. ಅವರು ಎರಡೂ ಕೈ ಚಾಚಿ ತೋರಿಸಿದರು. ಬೆರಳ ತುದಿಗಳು ಹಸುಗೂಸಿನ ಕಾಲಿನಂತೆ ಮೆತ್ತಗಿದ್ದವು. "ಕೂದಲಿನಷ್ಟು ಹುಳ ಇರ್ತದೆ, ಬೆರಳಿಗೆ ಅದು ತಿಳೀಬೇಕು. ಒಂದು ತಿಂಗಳು ಸುತ್ತಿಗೆ ಹಿಡಿದ್ರೆ ಈ ಕೈ ಹೋಯ್ತು. ಆಮೇಲೆ ನೀವು ಅರಮನೆ ಕೊಡ್ಸಿದ್ರೂ ಸಾಕೋಕಾಗಲ್ಲ."

ನಿರ್ಣಯ: ಧರಣಿ ಮುಂದಕ್ಕೆ ಹಾಕಿದೆ. ಕೈಬಿಟ್ಟಿಲ್ಲ.

೧ ಸೆಪ್ಟೆಂಬರ್, ಬುಧವಾರ

ಮಾಳಿಗೆ ಹತ್ತಿ ನೋಡಿದೆ. ಅಲ್ಲಿರುವುದು ಮೋಸದ ಮೇಲೆ ಮೋಸ.

ತಗಡಿನ ಹಾಳೆಗಳು ಒಂದಕ್ಕೊಂದು ಕೂಡುವ ಕಡೆ ಮೊದಲು ಎಣ್ಣೆಯಲ್ಲಿ ಕಲಸಿದ ಪುಟ್ಟಿ ಮೆತ್ತಿದ್ದಾರೆ. ಅದು ದೊರೆಯ ಕಾಲದ್ದು. ಒಣಗಿ ಉದುರಿದೆ. ಅದನ್ನು ತೆಗೆಯದೆ ಮೇಲೆ ಗಾರೆ! ನಮ್ಮೂರ ಗಾರೆ, ಸುಣ್ಣ ಬೆಲ್ಲ ಅರೆದು ಮಾವನ ಮನೆಯ ಮಾಳಿಗೆಗೆ ಹಾಕಿದ್ದಾರಲ್ಲ, ಅದೇ ಗಾರೆ, ಅದೇ ಕೆಲಸಗಾರ. ನೆಲ ಬಿಟ್ಟು ಕದಲದ ಮನೆಗೆ ಹಾಕುವುದನ್ನು ಚಕ್ರದ ಮೇಲಿನ ಮನೆಗೆ ಹಾಕಿದ್ದಾರೆ. ಮೊದಲ ಹಳ್ಳಕ್ಕೆ ಗಾಡಿ ಇಳಿದಾಗಲೇ ಅದು ಬಿರಿದಿರಬೇಕು. ಬಿರುಕಿನ ಮೇಲೆ ಟಾರು. ಮರುವರ್ಷ ಇನ್ನೊಂದು ಟಾರು. ಒಬ್ಬನೂ ಕೆಳಗಿನದನ್ನು ಕೆರೆಯಲಿಲ್ಲ. ನೀರು ಒಂದು ಕಡೆ ಒಳಗೆ ನುಗ್ಗಿ, ಟಾರಿನ ಅಡಿಯಲ್ಲೇ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಸೋರುವ ಕಡೆ ಬಿರುಕಿಲ್ಲ, ಬಿರುಕಿರುವ ಕಡೆ ಸೋರುವುದಿಲ್ಲ. ನಮ್ಮ ಸಮಾಜದ ಸುಧಾರಣೆ ನಡೆದಿರುವುದೂ ಹೀಗೆಯೇ. ಇದನ್ನು ಒಂದು ಲೇಖನ ಮಾಡಬೇಕು.

ಎಲ್ಲವನ್ನೂ ತಗಡು ಕಾಣುವವರೆಗೆ ಕಿತ್ತು ಹಾಕುವುದು. ಅದಾಗದೆ ಹೊಸದನ್ನು ಮುಟ್ಟುವುದಿಲ್ಲ.

ಅಜ್ಜಿಯ ದೋಸೆ ಮಗುಚುವ ಕಬ್ಬಿಣದ ಸಟ್ಟುಗ ತಂದು ಬಿಸಿಲಿನಲ್ಲಿ ಕೆರೆಯತೊಡಗಿದೆ. ಟಾರು ಹಲ್ವಾದಂತೆ ಎಳೆದುಕೊಂಡಿತು. ಮಧ್ಯಾಹ್ನದವರೆಗೆ ಕೆರೆದು ತೆಗೆದದ್ದು ಒಂದು ಮೊರದಷ್ಟೂ ಇಲ್ಲ. ಅದಕ್ಕಿಂತ ಹೆಚ್ಚು ನನ್ನ ಮೈಮೇಲೆ ಇತ್ತು. ಗಾಡಿ ಹೊಡೆಯುವ ಗಂಗುಲಪ್ಪ ಎತ್ತು ನಿಲ್ಲಿಸಿ, "ಏಮಪ್ಪಾ ಕದಿರೇಶಾ, ಜೈಲಿಗೆ ಹೋಗ್ತೀನಿ ಅಂತಿದ್ದೆ, ಮಾಳಿಗೆಗೆ ಹೋಗಿದ್ದೀಯಾ?" ಎಂದ. ಉತ್ತರ ಕೊಡಲಿಲ್ಲ. ಗಡ್ಡಕ್ಕೆ ಟಾರು ಹತ್ತಿಕೊಂಡು ಬಾಯಿ ತೆರೆಯಲು ಆಗುತ್ತಿರಲಿಲ್ಲ.

೨ ಸೆಪ್ಟೆಂಬರ್, ಗುರುವಾರ

ಇವತ್ತು ನಡೆದದ್ದಕ್ಕೆ ಸಿಟ್ಟಾಗಬೇಕೋ ಬೇಡವೋ ತಿಳಿಯುತ್ತಿಲ್ಲ. ಬರೆದಿಡುತ್ತೇನೆ.

ಬಾಯಾರಿ ಮಾಳಿಗೆಯಿಂದ ಇಳಿದು ಗಾಡಿಯ ಬಾಗಿಲಿಗೆ ಹೋದೆ. ಅವರ ಕೈಯಿಂದ ನೀರು ಕುಡಿಯಬೇಕೆಂಬುದು ನನ್ನ ವ್ರತವೂ ಹೌದು. ಮುನಿಶಾಮಮ್ಮ ಒಳಗಿನಿಂದಲೇ ಕೂಗಿದರು.

"ಅಲ್ಲೇ! ಅಲ್ಲೇ ನಿಂತ್ಕಳಿ! ಬಾಗಿಲ ಹತ್ರ ಬರಬ್ಯಾಡಿ!"

"ಯಾಕೆ?"

"ಟಾರು ವಾಸನೆ ಸಾಮಿ. ಒಳಗೆ ತಟ್ಟೆ ಅವೆ, ಮೊಟ್ಟೆ ಹಾಳೆ ನಾಳೆನೋ ನಾಳಿದ್ದೋ ಬರ್ತವೆ. ಹುಳಕ್ಕೆ ವಾಸನೆ ಆಗಲ್ಲ. ಬೀಡಿ ಸೇದೋರು, ನಸ್ಯ ಏರಿಸೋರು ಯಾರೂ ಈ ಮೆಟ್ಟಿಲು ಹತ್ತಂಗಿಲ್ಲ. ನೀವೂನು."

ಹೊಂಗೆ ಮರದ ಬುಡದಲ್ಲಿ ನಿಂತೆ. ಅವರು ಚೆಂಬು ತಂದು, ಬೊಗಸೆ ಹಿಡಿಯಲು ಹೇಳಿ, ಎತ್ತರದಿಂದ ನೀರು ಹೊಯ್ದರು. ಕೈಗೆ ಚೆಂಬು ತಾಗಲಿಲ್ಲ. ಮೊಣಕೈವರೆಗೆ ನೀರು ಸುರಿಯಿತು. ಹೀಗೆ ನೀರು ಕುಡಿಸುವುದು ಮನುಷ್ಯನಿಗೆ ಮಾಡುವ ಅವಮಾನವೆಂದು ಕಳೆದ ವರ್ಷ ಕೋಲಾರದಲ್ಲಿ ನಾನೇ ಕರಪತ್ರ ಹಂಚಿದ್ದೆ.

ನನ್ನ ಮುಖ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುಂಬಿಕೊಂಡು ನಕ್ಕರು. "ಇನ್ನೊಂದು ಚೆಂಬು ಕುಡೀರಿ. ದೂರ ನಿಲ್ಸೋರಿಗೆ ಹೆಂಗಿರ್ತದೆ ಅಂತ ನಂಗೂ ವಸಿ ಗೊತ್ತಾಗ್ಲಿ."

"ಹೇಗಿದೆ?" ಎಂದೆ.

ಅವರು ಚೆಂಬು ಇಳಿಸಿ, "ಕೈ ನೋಯ್ತದೆ" ಎಂದರು.

೪ ಸೆಪ್ಟೆಂಬರ್, ಶನಿವಾರ

ಬೆರಳು ಮಡಚಲು ಬರುವುದಿಲ್ಲ. ಹೆಚ್ಚು ಬರೆಯಲಾರೆ.

ಬಿಸಿಲು ಟಾರಿಗೆ ಶತ್ರು ಅಲ್ಲ, ಸ್ನೇಹಿತ. ಬೆಳಗಿನ ಚಳಿಯಲ್ಲಿ ಅದು ಗಡಸಾಗಿರುತ್ತದೆ. ಸಟ್ಟುಗ ಇಟ್ಟು ಒಂದು ಏಟು ಕೊಟ್ಟರೆ ಹಂಚಿನಂತೆ ಚಕ್ಕೆ ಏಳುತ್ತದೆ, ಕೆಳಗಿನ ಗಾರೆಯೂ ಅದರ ಜೊತೆಗೇ ಬರುತ್ತದೆ. ಕೋಳಿ ಕೂಗುವಾಗ ಹತ್ತಿ, ಬಿಸಿಲು ಏರಿದಾಗ ಇಳಿಯುತ್ತೇನೆ. ಚಕ್ಕೆಗಳನ್ನು ಮುನಿಶಾಮಮ್ಮ ಗುಡಿಸಿ ಗುಂಡಿಯಲ್ಲಿ ಹೂಳುತ್ತಾರೆ.

ಮನೆಯಲ್ಲಿ ನನಗೆ ಜಗಲಿಯಲ್ಲೇ ಊಟ. ಟಾರಿಗಾಗಿ ಎಂದು ಅಜ್ಜಿ, ಕೇರಿಯ ಕಡೆ ಹೋಗುವುದಕ್ಕಾಗಿ ಎಂದು ಅತ್ತೆ. ಹಸಿವಾಗಿತ್ತು. ಕಾರಣ ವಿಚಾರಿಸದೆ ಉಂಡೆ.

೬ ಸೆಪ್ಟೆಂಬರ್, ಸೋಮವಾರ

ಘೋರವಾಯಿತು.

ಟಾರೆಲ್ಲ ಹೋಗಿ ತಗಡಿನ ಮೇಲೆ ಅಂಟಂಟಾದ ಕರಿಯ ಪೊರೆಯೊಂದು ಉಳಿದಿತ್ತು. ಸೀಮೆಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ ಎಂದು ಗಂಗುಲಪ್ಪ ಹೇಳಿದ. ಸೀಮೆಎಣ್ಣೆ ಪರದೇಶದ್ದು, ಈ ಯುದ್ಧದಲ್ಲಿ ಸಿಗುವುದೂ ಇಲ್ಲ. ನನ್ನ ಹತ್ತಿರ ಬೇವಿನ ಮಹಿಮೆಯ ಬಗ್ಗೆ ಒಂದು ಕಿರುಪುಸ್ತಕ ಇದೆ. ಗಾಯಕ್ಕೆ, ಹಲ್ಲಿಗೆ, ಜ್ವರಕ್ಕೆ, ಧಾನ್ಯಕ್ಕೆ, ಎಲ್ಲಕ್ಕೂ ಬೇವೇ ನಮ್ಮ ದೇಶದ ಸಂಪತ್ತು ಎಂದು ಅದರಲ್ಲಿದೆ. ಗಾಣದಿಂದ ಒಂದು ಮಡಕೆ ಬೇವಿನೆಣ್ಣೆ ತಂದು, ಹೆಮ್ಮೆಯಿಂದ ಮಾಳಿಗೆಗೆಲ್ಲ ಸುರಿದು ಉಜ್ಜಿದೆ. ಅಂಟು ಕರಗಿತು. ತಗಡು ಹೊಳೆಯಿತು. ನಾನು ಹಾಡು ಕೂಡ ಹೇಳುತ್ತಿದ್ದೆ.

ಕೆಳಗಿನಿಂದ ಕಿರುಚಿದ ಸದ್ದು ಕೇಳಿತು.

"ಲೇ ಕದಿರೇಶ! ಏನ್ಲಾ ಸುರೀತಾ ಇದೀಯ ಅದು? ಇಳಿಯೋ ಕೆಳಗೆ! ಇಳಿಯೋ ಅಂದ್ರೆ!"

ಇಳಿದೆ. ಹಾಳೆಗಳ ಸಂದಿನಿಂದ ಎಣ್ಣೆ ಒಳಗೆ ಇಳಿದು ಬಿದಿರ ತಟ್ಟೆಗಳ ಮೇಲೆ ಹನಿದಿತ್ತು. ರಾಗಿಯ ಹುಳ ಸಾಯಲಿ ಎಂದು ನಾವೇ ಕಣಜಕ್ಕೆ ಬೇವಿನ ಸೊಪ್ಪು ಹಾಕುತ್ತೇವೆ. ಆ ಹುಳುವನ್ನು ಕೊಲ್ಲುವುದು ಈ ಹುಳುವನ್ನೂ ಕೊಲ್ಲುತ್ತದೆ. ಇಷ್ಟು ನನಗೆ ಹೊಳೆಯಲಿಲ್ಲ. ಪುಸ್ತಕದಲ್ಲಿ ರೇಷ್ಮೆ ಹುಳುವಿನ ಹೆಸರೇ ಇರಲಿಲ್ಲ.

"ಬೇವು ನಮ್ಮ ದೇಶದ್ದು..." ಎಂದು ಶುರು ಮಾಡಿದೆ.

"ನಿನ್ ದೇಶ ಹಾಳಾಗ! ನನ್ ತಟ್ಟೆ ನೋಡೋ!" ಎಂದು ಒಂದು ತಟ್ಟೆ ತಂದು ನನ್ನ ಮೂಗಿಗೆ ಹಿಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಮೊಟ್ಟೆ ಹಾಳೆ ನಿನ್ನೆಯೇ ಬಂದಿದೆ. ಅದೃಷ್ಟಕ್ಕೆ ಇನ್ನೂ ಸಂಘದ ಪೆಟ್ಟಿಗೆಯಲ್ಲಿದೆ. ಹದಿನೇಳನೆಯ ತಾರೀಕಿನ ಆಸುಪಾಸು ಒಡೆಯುತ್ತವೆ. ಅವು ನಮಗಾಗಿ ಕಾಯುವುದಿಲ್ಲ.

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ನೀರು ಕಾಯಿಸು ಹೋಗು" ಎಂದರು.

೭ ಸೆಪ್ಟೆಂಬರ್, ಮಂಗಳವಾರ

ಬೂದಿ. ಸೀಗೆ. ಕುದಿವ ನೀರು. ಬಿಸಿಲು. ಮತ್ತೆ ಬೂದಿ. ಮಾಳಿಗೆಗೂ ತಟ್ಟೆಗೂ.

ಮುನಿಶಾಮಮ್ಮ ಮಾತಾಡಲಿಲ್ಲ.

೮ ಸೆಪ್ಟೆಂಬರ್, ಬುಧವಾರ

ಇವತ್ತೂ ಅದೇ. ತಟ್ಟೆಗಳನ್ನು ಹಂಡೆಯಲ್ಲಿ ಅದ್ದಿ, ಎತ್ತಿ, ಬಂಡೆಯ ಮೇಲೆ ಒಣಗಿಸಿದೆ. ಎಣ್ಣೆ ಬಿದ್ದ ತಟ್ಟೆಗಳನ್ನು ಸುಟ್ಟು, ಹೊಸ ಬಿದಿರು ಸೀಳಿ ಹೆಣೆದರು. ನಾನು ಸೀಳಿಕೊಟ್ಟೆ. ಸಂಜೆ ಅವರು, ನಾನು ಮಾಳಿಗೆಯಿಂದ ಬಿಚ್ಚಿಕೊಟ್ಟ ಒಂದು ಚೂರು ತಗಡು ಮೂಸಿ ನೋಡಿ, ನನ್ನ ಕೈ ಹಿಡಿದು ಮೂಸಿ ನೋಡಿ, "ಹೂಂ" ಎಂದರು. ಆ ಒಂದು "ಹೂಂ" ಕೇಳಿ ಮನೆಗೆ ಓಡುತ್ತ ಬಂದೆ. ಹೊಟ್ಟೆ ತುಂಬ ಉಂಡೆ.

೧೦ ಸೆಪ್ಟೆಂಬರ್, ಶುಕ್ರವಾರ, ಗೌರಿ ಹಬ್ಬ ಕಳೆದು

ಈಗ ಪ್ರಶ್ನೆ: ಸಂದುಗಳಿಗೆ ಏನು ತುಂಬುವುದು? ಟಾರು ನಾರುತ್ತದೆ. ಗಾರೆ ಬಿರಿಯುತ್ತದೆ. ಪುಟ್ಟಿಯ ಎಣ್ಣೆ ವಾಸನೆ ಹೋಗಲು ಒಂದು ಪಕ್ಷ ಬೇಕಂತೆ. ವಾಸನೆ ಇರಬಾರದು, ಗಾಡಿ ಕುಲುಕಿದರೆ ಒಡೆಯಬಾರದು. ಇಂಥದ್ದು ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಗಾಡಿಯಲ್ಲಿ ರೇಷ್ಮೆ ಹುಳು ಸಾಕುವ ಊರು ಇದೊಂದೇ ಇರಬೇಕು.

ಅರಗು ಆಗಬಹುದೇ ಎಂದು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿಯೇ ಯೋಚಿಸುತ್ತಿದ್ದೆ. ಬಿರುಕು ಬಿಟ್ಟ ಹರವಿಗೆ ಅಜ್ಜಿ ಅದನ್ನೇ ಕಾಯಿಸಿ ಮೆತ್ತುವುದು. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದು ಮುಷ್ಟಿಗಾತ್ರದ ಅರಗಿನ ಉಂಡೆಯೊಂದನ್ನು ಜಗಲಿಯ ಮೇಲಿಟ್ಟು ಒಳಗೆ ಹೊರಟರು. ಬಾಗಿಲಲ್ಲಿ ನಿಂತು, "ನನ್ನ ಸಟ್ಟುಗ ಮಾತ್ರ ಈ ಮನೆಗೆ ಬರಕೂಡದು" ಎಂದರು.

ತಗಡಿನ ಚೂರಿನ ಮೇಲೆ ಅರಗು ಮೆತ್ತಿ, ಗಂಗುಲಪ್ಪನ ಗಾಡಿಯ ಅಚ್ಚಿನ ಮೇಲೆ ಮೊಳೆ ಹೊಡೆದು ಕೋಲಾರಕ್ಕೆ ಕಳಿಸಿದೆ. "ಇದು ಯಾವ ದೇವರ ಹರಕೆ?" ಎಂದು ಅವನು ದಾರಿಯುದ್ದಕ್ಕೂ ಎಲ್ಲರಿಗೂ ತೋರಿಸಿದನಂತೆ. ಹಿಂದಿರುಗಿದಾಗ ಅರಗು ಗಾಜಿನಂತೆ ಪುಡಿಯಾಗಿತ್ತು. ಎರಡನೆಯ ಸಲ ಮುನಿಶಾಮಕ್ಕ ಅದಕ್ಕೆ ಹರಳೆಣ್ಣೆ ಹಾಕು ಎಂದಳು, ನಾನು ಜೇನುಮೇಣ ಎಂದೆ. ಜಗಳ ಬಗೆಹರಿಯದೆ ಎರಡನ್ನೂ ಹಾಕಿದೆವು.

ಆ ಚೂರು ಹೊತ್ತು ಹೋದ ಗಂಗುಲಪ್ಪ ನಾಳೆ ಬರುತ್ತಾನೆ.

೧೧ ಸೆಪ್ಟೆಂಬರ್, ಶನಿವಾರ

ಬಿರಿದಿಲ್ಲ!

೧೩ ಸೆಪ್ಟೆಂಬರ್, ಸೋಮವಾರ

ಎರಡು ದಿನ ಮೆತ್ತಿದೆವು. ಅಕ್ಕ ಕೆಳಗೆ ಒಲೆ ಹೂಡಿ ಕಾಯಿಸಿ ಕೊಡುವುದು, ನಾನು ಆರಿ ಹೋಗುವುದರೊಳಗೆ ಏಣಿ ಹತ್ತಿ ಸಂದಿಗೆ ಒತ್ತುವುದು, ಮೇಲೆ ಹತ್ತಿ ಬಟ್ಟೆಯ ಪಟ್ಟಿ ಎಳೆದು ಮತ್ತೆ ಒಂದು ಕೈ ಬಳಿಯುವುದು. ಪಟ್ಟಿಗೆ ನನ್ನ ಎರಡನೆಯ ಪಂಚೆ ಹರಿದೆ. ನಾನೇ ನೂತ ನೂಲಿನದು. ನೇಯ್ಗೆ ಒತ್ತಾಗಿದೆ, ಚೆನ್ನಾಗಿ ಹಿಡಿಯಿತು.

ಕೆಲಸ ಮಾಡುವಾಗ ಅಕ್ಕ ತಾನು ಮಾಲೂರಿನಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಕೋಠಿಯಲ್ಲಿ ಕಸ ಗುಡಿಸುತ್ತಿದ್ದ ಕಾಲದ ಕಥೆ ಹೇಳುತ್ತಾಳೆ. ಅಲ್ಲಿಯ ಮೇಸ್ತ್ರಿಯಂತೆ ನಡೆದು ತೋರಿಸುತ್ತಾಳೆ. ನಾನು ನಕ್ಕು ನಕ್ಕು ಏಣಿಯಿಂದ ಬೀಳುವುದರಲ್ಲಿದ್ದೆ. ಲೇಖನ ಬರೆಯಬೇಕೆಂದಿದ್ದೆ. ಹೊತ್ತು ಸಿಗಲಿಲ್ಲ.

೧೫ ಸೆಪ್ಟೆಂಬರ್, ಬುಧವಾರ

ಪರೀಕ್ಷೆ ಆಯಿತು. ಮಾವ ಬಂದರು. ರೇಷ್ಮೆ ಇಲಾಖೆಯ ವೆಂಕಟರಾಯಪ್ಪನವರನ್ನೂ ಕರೆತಂದಿದ್ದರು. ಇವರು ಸೈಕಲ್ಲಿನ ಮೇಲೆ ಹಳ್ಳಿ ಸುತ್ತಿ ಹುಳು ಸಾಕುವವರಿಗೆ ಬುದ್ಧಿ ಹೇಳುವ ನೌಕರರು. ಸಂಘದವರೆಲ್ಲ ಸುತ್ತ ನಿಂತರು. ಬಾವಿಯಿಂದ ಮಾಳಿಗೆಯವರೆಗೆ ಜನ ಸಾಲು ನಿಂತು ಕೊಡ ಕೊಡ ನೀರು ಸುರಿದರು. ಮಾವ, "ಇನ್ನೂ ಹಾಕ್ರೋ, ಆ ಮೂಲೆಗೆ ಹಾಕ್ರೋ" ಎನ್ನುತ್ತಲೇ ಇದ್ದರು.

ಮುನಿಶಾಮಕ್ಕ ಒಳಗೆ ತಟ್ಟೆಗಳನ್ನೆಲ್ಲ ಹರಡಿ, ಮೇಲೆ ರಾಗಿ ಹಿಟ್ಟು ಜರಡಿ ಹಿಡಿದಿದ್ದಳು. ಒಂದು ಹನಿ ಬಿದ್ದರೂ ಗುಳಿ ಕಾಣುತ್ತದೆ. ವೆಂಕಟರಾಯಪ್ಪನವರು ಒಳಗೆ ಹೋಗಿ ನೋಡಿ, "ಅಧ್ಯಕ್ಷರೇ, ನೀವೇ ಬಂದು ನೋಡಿ" ಎಂದರು. ಮಾವ ಮೆಟ್ಟಿಲ ಹತ್ತಿರ ತಡೆದು ನಿಂತರು. ಒಳಗೆ ಅಕ್ಕ ಇದ್ದಳು. ಎಲ್ಲರೂ ನೋಡುತ್ತಿದ್ದರು. ಮಾವ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದರು.

ತಟ್ಟೆ ತಟ್ಟೆಯನ್ನೂ ನೋಡಿದರು. ಹಿಟ್ಟು ಹಾಕಿದ ಹಾಗೇ ಇತ್ತು.

ಹೊರಗೆ ಬಂದು ನನಗೆ, "ಆ ಗಡ್ಡ ಬೋಳಿಸೋ" ಎಂದರು. ಅಷ್ಟೇ.

೧೭ ಸೆಪ್ಟೆಂಬರ್, ಶುಕ್ರವಾರ

ಮೊಟ್ಟೆ ಒಡೆದವು. ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಹೋದೆ. ಅಕ್ಕ ನನ್ನ ಕೈ ಮೂಸಿ ಒಳಗೆ ಬಿಟ್ಟಳು. ಹಾಳೆಯ ಮೇಲೆ ಯಾರೋ ಕರಿಯ ಮಸಿ ಚೆಲ್ಲಿದಂತೆ ಇತ್ತು. ನೋಡುತ್ತ ನಿಂತರೆ ಮಸಿ ಮಿಸುಕುತ್ತದೆ. ಹಿಪ್ಪುನೇರಳೆ ಚಿಗುರನ್ನು ದಾರದಂತೆ ಹೆಚ್ಚಿ ಮೇಲೆ ಉದುರಿಸಿದಳು. ಆ ಕೂದಲಿನಂಥ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಕೋಳಿ ಗರಿಯಿಂದ ತಟ್ಟೆಗೆ ಇಳಿಸುವುದನ್ನು ಕಲಿಸಿಕೊಟ್ಟಳು. ಉಸಿರು ಬಿಟ್ಟರೆ ಹಾರಿಹೋಗುತ್ತವೆ. ಉಸಿರು ಬಿಗಿಹಿಡಿದು ತಲೆ ತಿರುಗಿತು.

ಸಂಜೆಯಿಂದ ಮಳೆ. ಗಾಡಿಯೊಳಗೆ ಕುಳಿತು ಇಬ್ಬರೂ ಮೇಲೆ ನೋಡುತ್ತಿದ್ದೆವು.

೨೧ ಸೆಪ್ಟೆಂಬರ್, ಮಂಗಳವಾರ

ಮೊದಲ ಜ್ವರ. ಚರ್ಮ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತದೆ. ಇದಕ್ಕೆ ಇಲ್ಲಿಯ ಜನ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಹುಳುವನ್ನು ಅಲುಗಿಸಬಾರದು. ಅಲುಗಿಸಿದರೆ ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಹತ್ತಿರ ಜೋರಾಗಿ ಮಾತಾಡಲು ಕೂಡ ಅಕ್ಕ ಬಿಡುವುದಿಲ್ಲ. ನಾನು ಇವತ್ತು ಗಾಡಿಯ ಸುತ್ತ ತುದಿಗಾಲಿನಲ್ಲಿ ನಡೆದೆ.

ಸೊಪ್ಪು ತರುವುದು ನನ್ನ ಕೆಲಸ. ಮಳೆ ಬಿಟ್ಟಿಲ್ಲ. ಒಳಗೆ ಒಂದು ಹನಿಯಿಲ್ಲ. ಸುಣ್ಣಕಟ್ಟು ಇಲ್ಲ.

೨೬ ಸೆಪ್ಟೆಂಬರ್, ಭಾನುವಾರ

ಮಾವ ಊಟಕ್ಕೆ ನಡುಮನೆಗೆ ಕರೆದರು. ಒಳ್ಳೆಯ ಮಾತೇ ಆಡಿದರು. ಹುಳು ಇಷ್ಟು ಹೊಳಪಾಗಿ ಎದ್ದದ್ದು ಎಂದೂ ಕಂಡಿಲ್ಲ ಎಂದರು. ಆಮೇಲೆ, "ಮಂಗಳವಾರ ಹುಳ ಅವರವರ ಮನೆಗೆ ಹಂಚಿ, ಗಾಡಿ ಮಾಸ್ತಿಗೆ ಹೋಗ್ತದೆ" ಎಂದರು.

ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ.

ಮಾಸ್ತಿಯಲ್ಲಿ ಮಾವನ ಬೀಗರಿದ್ದಾರೆ. ಅವರೂ ಸಂಘ ಕಟ್ಟಿದ್ದಾರೆ. ಸೋರದ ಗಾಡಿಯೊಂದು ಇದೆಯೆಂದು ವೆಂಕಟರಾಯಪ್ಪನವರು ಹೇಳಿದ ಕೂಡಲೇ ಕೇಳಿ ಕಳಿಸಿದ್ದಾರೆ. ಸೋರುವಾಗ ಯಾರಿಗೂ ಬೇಡವಾಗಿತ್ತು.

"ಮತ್ತೆ ಮುನಿಶಾಮಕ್ಕ?"

"ಅಲ್ಲಿ ಅವರ ಕಡೇನೇ ಸಾಕೋ ಹೆಂಗಸು ಅವ್ಳಂತೆ. ಗಾಡಿ ಅಂದ್ಮೇಲೆ ತಿರುಗಾಡ್ಬೇಕಲ್ಲೋ. ಒಂದೇ ಕಡೆ ಬೇರು ಬಿಡೋಕೆ ಅದೇನು ಆಲದ ಮರವಾ? ಆಯಮ್ಮನಿಗೆ ಬೇರೆ ಏನಾದ್ರೂ ನೋಡಾಣ."

ಏನು ನೋಡುತ್ತಾರೆ? ಕಲ್ಲು. ನಾನು ಏನೇನೋ ಕೂಗಾಡಿದೆ. ಮಾವ ಕೇಳಿಸಿಕೊಂಡರು. ಕಡೆಗೆ ಅಜ್ಜಿ, "ಚನ್ನಾ, ಆ ಮಾತು ಸರಿಯಾಗಿಲ್ಲ ಕಣೋ" ಎಂದರು. ಮಾವ ಎದ್ದು ಕೈ ತೊಳೆಯಲು ಹೋದರು.

ಮಾಳಿಗೆಗೆ ಹತ್ತಿ ಅಷ್ಟನ್ನೂ ಕಿತ್ತು ಹಾಕಬೇಕೆನ್ನಿಸಿತು. ಕಿತ್ತರೆ ಹುಳು ಸಾಯುತ್ತವೆ.

ಅಕ್ಕನಿಗೆ ಹೇಳಿದೆ. ಸೊಪ್ಪು ಹೆಚ್ಚುತ್ತಿದ್ದವಳು ಹೆಚ್ಚುತ್ತಲೇ ಇದ್ದಳು. "ಮಂಗಳವಾರವಾ?" ಎಂದು ಕೇಳಿದಳು. ತಟ್ಟೆ ಬಗ್ಗಿ ನೋಡಿದಳು. "ಬರ್ಲಿ" ಎಂದಳು.

೨೮ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಗಂಗುಲಪ್ಪ ಎರಡು ಜೊತೆ ಎತ್ತು ಹೊಡೆದುಕೊಂಡು ಬಂದ. ಹಿಂದೆ ಮಾವ, ಅವರ ಹಿಂದೆ ಸಂಘದವರು. ಗಂಗುಲಪ್ಪ ಸರಪಳಿ ಕೊಂಡಿಗೆ ಹಾಕಲು ಬಗ್ಗಿದ. ಅಕ್ಕ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಳು. ದನಿ ಏರಿಸಲಿಲ್ಲ.

"ಹುಳ ಜ್ವರಕ್ಕೆ ಕೂತವೆ. ಮೂರನೇದು."

ಗಂಗುಲಪ್ಪನ ಕೈಯಿಂದ ಸರಪಳಿ ಬಿತ್ತು. ಅವನು ಅದನ್ನು ಸದ್ದಾಗದಂತೆ ಎತ್ತಿಕೊಂಡು, ಎತ್ತುಗಳನ್ನು ದೂರಕ್ಕೆ ನಡೆಸಿ, "ನಾನು ಎಳೆಯಲ್ಲ ಅಧ್ಯಕ್ಷರೇ. ನಮ್ಮ ಮನೆ ಹುಳಾನೂ ಒಳಗವೆ" ಎಂದ. ಹಿಂದೆ ನಿಂತವರೆಲ್ಲರ ಹುಳುವೂ ಒಳಗಿತ್ತು. ಮಾವನದೇ ಎಲ್ಲರಿಗಿಂತ ಹೆಚ್ಚು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು, ಪಿಸುಮಾತಿನಲ್ಲಿ ಮಾತಾಡತೊಡಗಿದರು. ಮಾವ ಕೂಡ ಪಿಸುಮಾತಿನಲ್ಲೇ ಸಿಟ್ಟಾದರು.

"ಯಾವಾಗ ಏಳ್ತವೆ?"

"ಗುರುವಾರ ಬೆಳಕು ಹರಿಯೋ ಹೊತ್ಗೆ."

"ಎದ್ದ ಮೇಲೆ ಗಾಡಿ ಹೋಗ್ತದೆ. ತಿಳೀತಾ?"

"ಎದ್ದ ಮೇಲೆ ಹುಳ ನಿಮ್ ನಿಮ್ ಮನೆಗೆ ಹೋಗ್ಬೇಕಲ್ಲ ಸಾಮಿ. ತಟ್ಟೆಯಿಂದ ತಟ್ಟೆಗೆ ಬಿಡಿಸಿ ಕೊಡೋಳು ನಾನು. ಅದಕ್ಕಿಂತ ಮುಂಚೆ ನಂದೊಂದು ಮಾತೈತೆ. ಹುಳ ಕೊಟ್ಟಿರೋ ಎಲ್ಲಾ ಮನೆಯೋರೂ ಬರ್ಲಿ. ಮುಂದಿನ ಬೆಳೆಗೆ ನಾನು ಬೇಕಾ ಬ್ಯಾಡ್ವಾ ಅಂತ ನನ್ ಎದುರಿಗೇ ಹೇಳ್ಲಿ. ಬೇಕು ಅಂದ್ರೆ ಗಾಡಿ ಇಲ್ಲಿರ್ಲಿ, ಇಲ್ಲಾ ಒಂದು ಒಣ ಕೋಣೆ ಕೊಡ್ಲಿ. ಬ್ಯಾಡ ಅಂದ್ರೆ ಅವರವರ ಹುಳ ಅವರವರೇ ಎತ್ಕೊಂಡು ಹೋಗ್ಲಿ."

"ಎತ್ಕೊಂಡು ಹೋಗೋದಾ?" ಎಂದು ಹಿಂದಿನಿಂದ ಯಾರೋ ಹೆದರಿದರು. "ಎದ್ದ ಹುಳ ಮುಟ್ಟೋಕೆ ನಮ್ ಕೈಗೆ ಎಲ್ಲಿ ಬರ್ತದೆ?"

"ಇಲ್ಲಾಂದ್ರೆ ನಾನೇ ತಂದು ಬಿಡಿಸಿ ಕೊಡ್ತೀನಿ. ನಿಮ್ಮ ನಡುಮನೆಗೇ ತಂದು."

ಮಾವ ಕೋಲು ಊರಿಕೊಂಡು ಮನೆಯ ಕಡೆ ಹೊರಟುಹೋದರು.

ಅವರು ಹೋದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕುಳಿತಳು. "ಬರ್ತಾರಾ ಕದಿರೇಶ?" ಎಂದಳು.

"ಗುರುವಾರ ನಾನು ಮಾತಾಡಲಾ?" ಎಂದೆ.

"ಬ್ಯಾಡ. ಸೊಪ್ಪಿನ ಬುಟ್ಟಿ ಹಿಡ್ಕೊಂಡು ಪಕ್ಕದಲ್ಲಿ ನಿಂತ್ಕೋ. ಈಗ ಹೋಗಿ ಎಲ್ಲಾ ಮನೆಗೂ ಹೇಳಿ ಬಾ. ಗಂಟೆ ಗುರ್ತು ಮಾಡಿ ಹೇಳು, ಬೆಳಿಗ್ಗೆ ಅಂದ್ರೆ ಮಧ್ಯಾಹ್ನ ಬರ್ತಾರೆ."

ಮನೆ ಮನೆಗೂ ಹೋದೆ. ಕೆಲವರು ಬರುತ್ತೇವೆ ಎಂದರು. ಕೆಲವರು, ನಿಮ್ಮ ಮಾವ ಬಂದರೆ ಬರುತ್ತೇವೆ ಎಂದರು. ಗಂಗುಲಪ್ಪ, ಎತ್ತಿಲ್ಲದೆ ಬರುತ್ತೇನೆ ಎಂದ. ಕೊನೆಗೆ ಉಳಿದದ್ದು ನಮ್ಮ ಮನೆ.

ಮಾವ ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತಿದ್ದರು. ಊರವರಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಅವರು ತಿಕ್ಕುತ್ತಲೇ ಇದ್ದರು. ನಾನು ಹೊರಡುವಾಗ, ಹಸುವಿನ ಆ ಕಡೆಯಿಂದ ಕೇಳಿದರು:

"ಎಷ್ಟು ಗಂಟೆಗೆ ಅಂದೆ?"

"ಏಳಕ್ಕೆ ಮಾವ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ದೊರೆ ಗಾಡಿ ಹತ್ರ."